ಅಟಮ್ವಾ ಊರಿನ ಓಟು



ಈ ತಿಂಗಳು ಬೆಂಬಲ ಬೆಲೆ, ಬ್ಯಾಂಕಿನ ನೋಟೀಸು, ಮಾರುಕಟ್ಟೆಯ ತೂಕದ ಮೋಸ ಇವನ್ನೆಲ್ಲ ಸ್ವಲ್ಪ ಬದಿಗಿಟ್ಟು ಅಮೆರಿಕದ ಒಂದು ಸಣ್ಣ ಊರಿನ ಜನ ಯಾರಿಗೆ ಓಟು ಹಾಕುತ್ತಾರೆ, ಯಾಕೆ ಹಾಕುತ್ತಾರೆ ಅಂತ ಬರೆಯಲು ಹೊರಟಿದ್ದೇವೆ. "ನಮ್ಮ ಬದುವೇ ಕಿತ್ತು ಹೋಗ್ತಾ ಇರುವಾಗ ಇವರಿಗೆ ಸಮುದ್ರದಾಚೆಯ ಓಟಿನ ಚಿಂತೆ" ಅಂತ ನಿಮ್ಮಲ್ಲಿ ಕೆಲವರು ನಗಬಹುದು. ನಗಿ, ಆದರೆ ಓದಿ.

ಯಾಕೆ ಅಂದರೆ, ಆ ಊರಿನ ಸುತ್ತ ಬೆಳೆಯುವುದು ಮೆಕ್ಕೆಜೋಳ ಮತ್ತು ಸೋಯಾ. ಚಿಕಾಗೋ ಪೇಟೆಯಲ್ಲಿ ಸೋಯಾ ಬಿದ್ದರೆ ಬೀದರ್, ಬೆಳಗಾವಿ ಕಡೆಯ ಸೋಯಾ ಬೆಳೆಗಾರನಿಗೂ ಬಿಸಿ ತಟ್ಟುತ್ತದೆ. ಅಲ್ಲಿಯ ಸರ್ಕಾರ ತನ್ನ ರೈತನ ಓಟಿಗೆ ಹೆದರಿ ಮಾಡುವ ಕೆಲಸದ ಪರಿಣಾಮ ಇಲ್ಲಿಯ ಮಂಡಿಗೂ ಬರುತ್ತದೆ. ಇನ್ನೊಂದು ಕಾರಣವೂ ಉಂಟು. ಆ ಸೀಮೆಯ ರೈತರು ನಮಗಿಂತ ಮೊದಲೇ ಸಾಲದ ವಿರುದ್ಧ ಎದ್ದವರು, ರಸ್ತೆ ತಡೆದವರು, ಹರಾಜು ನಿಲ್ಲಿಸಿದವರು. ಕೊನೆಗೆ ಅವರ ಕೈಗೆ ಏನು ಬಂತು, ಅವರ ಓಟು ಎಲ್ಲಿಗೆ ಹೋಯಿತು ಅನ್ನೋದು ನಾವು ತಿಳಿದಿರಲೇಬೇಕಾದ ವಿಚಾರ.

ಊರು ಎಂಥದು?

ಊರಿನ ಹೆಸರು ಅಟಮ್ವಾ. ಅಯೋವಾ ರಾಜ್ಯದ ಆಗ್ನೇಯ ಭಾಗದಲ್ಲಿ ಡಿಮಾಯ್ನ್ ನದಿಯ ದಂಡೆ ಮೇಲಿದೆ. 2020ರ ಜನಗಣತಿಯಲ್ಲಿ ಸುಮಾರು 25,500 ಜನ. ಅಂದರೆ ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. 1960ರಲ್ಲಿ ಸುಮಾರು 34 ಸಾವಿರ ಜನ ಇದ್ದರು. ಆರು ದಶಕದಲ್ಲಿ ಊರು ಬೆಳೆಯಲಿಲ್ಲ, ಸೊರಗಿತು. ಇದು ವಾಪೆಲೊ ಕೌಂಟಿಯ ಮುಖ್ಯ ಪಟ್ಟಣ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ, ಆದರೆ ಬಹಳ ಚಿಕ್ಕದು. ಅಯೋವಾದಲ್ಲಿ ಇಂಥ 99 ಕೌಂಟಿಗಳಿವೆ. ವಾಪೆಲೊ ಎಂಬುದು ಅಲ್ಲಿಯ ಮೂಲನಿವಾಸಿಗಳ ನಾಯಕನೊಬ್ಬನ ಹೆಸರು. ಆ ಜನರಿಂದ 1842ರ ಒಪ್ಪಂದದಲ್ಲಿ ಭೂಮಿ ಬಿಡಿಸಿಕೊಂಡು 1843ರಲ್ಲಿ ಬಿಳಿಯರು ಬಂದು ನೆಲೆಸಿದರು. ಭೂಮಿ ಹೋಯಿತು, ಹೆಸರು ಮಾತ್ರ ಉಳಿಯಿತು. ಇದನ್ನೂ ನೆನಪಿಟ್ಟುಕೊಳ್ಳೋಣ.

ಊರಿಗೆ ಅನ್ನ ಕೊಟ್ಟದ್ದು ಎರಡು ಕೆಲಸ. ಒಂದು, ಹಂದಿ ಮಾಂಸದ ಕಾರ್ಖಾನೆ. ಸುತ್ತಲ ರೈತ ಮೆಕ್ಕೆಜೋಳ ಬೆಳೆದು ಹಂದಿಗೆ ತಿನ್ನಿಸುತ್ತಾನೆ, ಹಂದಿಯನ್ನು ಕಾರ್ಖಾನೆಗೆ ಮಾರುತ್ತಾನೆ. ಇನ್ನೊಂದು, ಜಾನ್ ಡೀರ್ ಕಂಪನಿಯ ಹುಲ್ಲು ಕಟ್ಟುವ ಯಂತ್ರದ ಕಾರ್ಖಾನೆ. ಹೊಲ, ಕೊಟ್ಟಿಗೆ, ಕಾರ್ಖಾನೆ ಮೂರೂ ಒಂದೇ ಹಗ್ಗಕ್ಕೆ ಕಟ್ಟಿದ್ದು.

ಇನ್ನು ಅವರ ಓಟಿನ ಪದ್ಧತಿ. ಅಧ್ಯಕ್ಷರ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ನವೆಂಬರ್ ತಿಂಗಳ ಮೊದಲ ಸೋಮವಾರದ ಮಾರನೆಯ ದಿನ. ಈ ದಿನವನ್ನು 1845ರಲ್ಲಿ ಕಾನೂನು ಮಾಡಿ ಗೊತ್ತು ಮಾಡಿದ್ದು ರೈತನಿಗಾಗಿಯೇ: ಆ ಹೊತ್ತಿಗೆ ಸುಗ್ಗಿ ಮುಗಿದಿರುತ್ತದೆ, ಭಾನುವಾರ ದೇವರ ಕೆಲಸ ಮುಗಿಸಿ ಸೋಮವಾರ ಗಾಡಿ ಕಟ್ಟಿದರೆ ಮಂಗಳವಾರ ಓಟು ಹಾಕಬಹುದು. ದೇಶವೆಲ್ಲ ಒಕ್ಕಲುತನ ಮಾಡುತ್ತಿದ್ದ ಕಾಲದ ಕಾನೂನು. ಇವತ್ತು ಅಲ್ಲಿ ರೈತರು ನೂರಕ್ಕೆ ಇಬ್ಬರೂ ಇಲ್ಲ, ಆದರೆ ದಿನ ಮಾತ್ರ ಅದೇ ಇದೆ. ಪಕ್ಷ ಎರಡೇ ಅನ್ನಬಹುದು: ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್. ಬಹುತೇಕ ಎಲ್ಲ ಕಡೆ, ರಾಜ್ಯದಲ್ಲಿ ಯಾರು ಗೆದ್ದರೋ ಅವರಿಗೆ ಆ ರಾಜ್ಯದ ಮತಗಳೆಲ್ಲ. ಅಯೋವಾಕ್ಕೆ ಈಗ ಇರುವುದು 6 ಮತ.

ಹಳೆಯ ಕೆಚ್ಚು

ಈ ಸೀಮೆಯ ರೈತ ಹುಟ್ಟಾ ಯಾವುದೋ ಒಂದು ಪಕ್ಷದ ಜೀತದಾಳಾಗಿರಲಿಲ್ಲ. ವಾಪೆಲೊದ ಪಕ್ಕದ ಕೌಂಟಿಯ ಬ್ಲೂಮ್‌ಫೀಲ್ಡ್ ಊರಿನವರು ಜೇಮ್ಸ್ ವೀವರ್. ಎರಡೂ ದೊಡ್ಡ ಪಕ್ಷಗಳನ್ನು ಬಿಟ್ಟು, 1880ರಲ್ಲಿ ಗ್ರೀನ್‌ಬ್ಯಾಕ್ ಪಕ್ಷದಿಂದ, 1892ರಲ್ಲಿ ಪೀಪಲ್ಸ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೇ ನಿಂತರು. ಅವರ ಮಾತು ಸರಳ: ಬೆಳೆಯ ಬೆಲೆ ಇಳಿಯುತ್ತಿದೆ, ಸಾಲದ ಭಾರ ಏರುತ್ತಿದೆ, ಇದು ದೇವರ ಆಟವಲ್ಲ, ಹಣವನ್ನು ಕೈಯಲ್ಲಿಟ್ಟುಕೊಂಡವರ ಆಟ. 1892ರಲ್ಲಿ ಅವರಿಗೆ 10 ಲಕ್ಷಕ್ಕೂ ಹೆಚ್ಚು ಓಟು ಬಿತ್ತು, 22 ರಾಜ್ಯಮತ ಬಂತು. ಗೆಲ್ಲಲಿಲ್ಲ. ಆದರೆ ದೊಡ್ಡ ಪಕ್ಷಗಳು ಆಮೇಲೆ ಅವರ ಮಾತನ್ನೇ ಕದ್ದು ಮಾತಾಡಬೇಕಾಯಿತು.

ಅದೇ ವಾಪೆಲೊ ಕೌಂಟಿಯ ಅಜೆನ್ಸಿ ಎಂಬ ಹಳ್ಳಿಯ ಹತ್ತಿರ 1866ರಲ್ಲಿ ಹುಟ್ಟಿದವರು ಮೈಲೋ ರೀನೋ. ಈ ಹೆಸರನ್ನು ನಮ್ಮ ರೈತ ಸಂಘದ ಪ್ರತಿ ಘಟಕದಲ್ಲೂ ಹೇಳಬೇಕು. 1932ರಲ್ಲಿ ಮೆಕ್ಕೆಜೋಳದ ಬೆಲೆ ಒಂದು ಬುಷೆಲ್‌ಗೆ, ಅಂದರೆ ಸುಮಾರು 25 ಕಿಲೋಗೆ, ಹತ್ತು ಹನ್ನೆರಡು ಸೆಂಟಿಗೆ ಬಿದ್ದಿತು. ಕಲ್ಲಿದ್ದಲು ಕೊಳ್ಳುವುದಕ್ಕಿಂತ ಜೋಳವನ್ನೇ ಒಲೆಗೆ ಹಾಕುವುದು ಅಗ್ಗ ಅಂತ ಜನ ಜೋಳ ಸುಟ್ಟರು. ಆಗ ರೀನೋ ಅವರ ಮುಂದಾಳುತನದಲ್ಲಿ ರೈತರ ರಜಾ ಸಂಘ ಹುಟ್ಟಿತು. ಬ್ಯಾಂಕುಗಳು ಬಾಗಿಲು ಮುಚ್ಚಿ ಅದಕ್ಕೆ ರಜಾ ಅಂತ ಹೆಸರಿಡಬಹುದಾದರೆ ರೈತನೂ ರಜಾ ಹಾಕಬಹುದು. ಮಾರುವುದಿಲ್ಲ, ಕೊಳ್ಳುವುದಿಲ್ಲ ಅಂತ ಕೂತರು. ಆಗಸ್ಟ್ ತಿಂಗಳಲ್ಲಿ ಸೂ ಸಿಟಿ ಕಡೆ ಹೋಗುವ ರಸ್ತೆಗಳಿಗೆ ಮರದ ದಿಮ್ಮಿ ಅಡ್ಡ ಹಾಕಿದರು, ಹಾಲನ್ನು ಚರಂಡಿಗೆ ಚೆಲ್ಲಿದರು. ಅವರ ಬೇಡಿಕೆ ಏನು ಗೊತ್ತೇ? ಉತ್ಪಾದನಾ ವೆಚ್ಚ ಮತ್ತು ಅದರ ಮೇಲೆ ನ್ಯಾಯವಾದ ಲಾಭ. ನಾವು 1980ರಿಂದ ವೈಜ್ಞಾನಿಕ ಬೆಲೆ ಅಂತ ಕೂಗುತ್ತಿರುವುದು, ಆಮೇಲೆ ಸ್ವಾಮಿನಾಥನ್ ಆಯೋಗ ವೆಚ್ಚದ ಮೇಲೆ ಅರ್ಧ ಸೇರಿಸಿ ಕೊಡಿ ಅಂದದ್ದು, ಇದೇ ಮಾತಲ್ಲವೇ?

ಸಾಲಕ್ಕೆ ಜಮೀನು, ದನ, ಸಾಮಾನು ಹರಾಜಿಗೆ ಬಂದಾಗ ಊರವರೆಲ್ಲ ಸೇರಿ ಒಂದು ಸೆಂಟು, ಐದು ಸೆಂಟು ಅಂತ ಸವಾಲು ಕೂಗುತ್ತಿದ್ದರು. ಹೊರಗಿನವನು ಜಾಸ್ತಿ ಕೂಗಲು ಬಾಯಿ ತೆರೆದರೆ ಪಕ್ಕದಲ್ಲಿ ನಿಂತವರ ಮುಖ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಹರಾಜಾದ ಹಸುವನ್ನು ಸಂಜೆಗೆ ಅದೇ ರೈತನ ಕೊಟ್ಟಿಗೆಯಲ್ಲಿ ಕಟ್ಟಿ ಬರುತ್ತಿದ್ದರು. 1980ರ ದಶಕದಲ್ಲಿ ನಮ್ಮವರು ಬ್ಯಾಂಕಿನವರು ಜಪ್ತಿ ಮಾಡಿದ ಸಾಮಾನನ್ನು ಮರುಜಪ್ತಿ ಮಾಡಿ ತಂದರಲ್ಲ, ಅದರ ಅಣ್ಣ ಇದು. 1933ರ ಏಪ್ರಿಲ್‌ನಲ್ಲಿ ಲಿ ಮಾರ್ಸ್ ಊರಿನಲ್ಲಿ ರೈತರು ನ್ಯಾಯಾಧೀಶನನ್ನೇ ಕೋರ್ಟಿನಿಂದ ಎಳೆದು ಕುತ್ತಿಗೆಗೆ ಹಗ್ಗ ಹಾಕಿ ಹೆದರಿಸುವ ತನಕ ಹೋಯಿತು. ಪ್ರಾಣ ತೆಗೆಯಲಿಲ್ಲ. ಆದರೂ ಅದು ತಪ್ಪೇ. ಅದರ ನೆಪದಲ್ಲಿ ಸರ್ಕಾರ ಸೈನ್ಯ ಕಳಿಸಿತು. ಆದರೆ ಆ ವರ್ಷವೇ ಅಯೋವಾ ಶಾಸನಸಭೆ ಜಮೀನು ಹರಾಜಿಗೆ ತಡೆ ಹಾಕುವ ಕಾನೂನು ಮಾಡಿತು. ಯಾರೂ ದಯೆಯಿಂದ ಕೊಟ್ಟದ್ದಲ್ಲ.

ಆಗ ಅಯೋವಾ ಬಹುಕಾಲದಿಂದ ರಿಪಬ್ಲಿಕನ್ ರಾಜ್ಯ. ಅದೇ ರಾಜ್ಯ 1932ರಲ್ಲಿ, 1936ರಲ್ಲಿ ಡೆಮಾಕ್ರಟಿಕ್ ಪಕ್ಷದ ರೂಸ್ವೆಲ್ಟ್‌ಗೆ ಓಟು ಕೊಟ್ಟಿತು. 1940, 1944ರಲ್ಲಿ ಹಿಂದಕ್ಕೆ ತಿರುಗಿತು. 1948ರಲ್ಲಿ ಮತ್ತೆ ಟ್ರೂಮನ್‌ಗೆ ಹಾಕಿತು. 1948ರ ಕಥೆ ಕೇಳುವಂಥದು. ಆ ವರ್ಷ ಮೆಕ್ಕೆಜೋಳ ವಿಪರೀತ ಬೆಳೆಯಿತು. ಬೆಂಬಲ ಬೆಲೆಯ ಸಾಲ ಸಿಗಬೇಕಾದರೆ ಧಾನ್ಯ ಸರಿಯಾದ ಕಣಜದಲ್ಲಿರಬೇಕು. ರಿಪಬ್ಲಿಕನ್ನರ ಬಹುಮತವಿದ್ದ ಸಂಸತ್ತು ಸರ್ಕಾರಿ ಸಂಸ್ಥೆ ಹೊಸ ಕಣಜ ಮಾಡದ ಹಾಗೆ ಕೈ ಕಟ್ಟಿಹಾಕಿತ್ತು. ಕಣಜವಿಲ್ಲದ ರೈತ ಸಿಕ್ಕ ಬೆಲೆಗೆ ಮಾರಿಕೊಂಡ. ಟ್ರೂಮನ್ ಸೆಪ್ಟೆಂಬರ್‌ನಲ್ಲಿ ಅಯೋವಾದ ಡೆಕ್ಸ್‌ಟರ್‌ನಲ್ಲಿ ನಡೆದ ಉಳುಮೆ ಸ್ಪರ್ಧೆಗೆ ಬಂದು ಇದನ್ನೇ ಎತ್ತಿ ಆಡಿದರು. ನವೆಂಬರ್‌ನಲ್ಲಿ ರೈತ ಲೆಕ್ಕ ಚುಕ್ತಾ ಮಾಡಿದ. ಒಂದು ಕಣಜದ ಮೇಲೆ ಒಂದು ರಾಜ್ಯ ಮಗುಚಿತು! ಆಗಿನ ರೈತ ಬೆಲೆ ನೋಡಿ ಓಟು ಹಾಕುತ್ತಿದ್ದ. ಪಕ್ಷಕ್ಕೆ ಅವನು ಬೇಕಿತ್ತು, ಅವನಿಗೆ ಪಕ್ಷ ಬೇಕಿರಲಿಲ್ಲ.

ಕಾರ್ಖಾನೆಯ ಸಂಘ

ಇನ್ನು ಅಟಮ್ವಾ ಪಟ್ಟಣ. ಅಲ್ಲಿ ಜಾನ್ ಮಾರೆಲ್ ಕಂಪನಿ 1877ರಲ್ಲಿ ಮಾಂಸದ ಕಾರ್ಖಾನೆ ಇಟ್ಟಿತು. ಸಾವಿರಾರು ಜನಕ್ಕೆ ಕೆಲಸ. 1930ರ ದಶಕದಲ್ಲಿ ಕೆಲಸಗಾರರು ಸಂಘ ಕಟ್ಟಿದರು. ಮಾಂಸ ಕಾರ್ಖಾನೆ ಕಾರ್ಮಿಕರ ದೇಶದ ದೊಡ್ಡ ಸಂಘದಲ್ಲಿ ಒಂದನೇ ನಂಬರಿನ ಶಾಖೆ ಅಟಮ್ವಾದ್ದು. ಕೂಲಿ, ರಜೆ, ಪಿಂಚಣಿ ಎಲ್ಲ ಜಗಳ ಮಾಡಿ ಪಡೆದದ್ದು. ಸುತ್ತಲ ರೈತರ ಮಕ್ಕಳೇ ಅಲ್ಲಿ ಕೆಲಸಕ್ಕೆ ಸೇರಿದ್ದರು. ಸಂಘದ ಮನೆಯಲ್ಲಿ ಕೂತು ಮಾತಾಡಿ, ಯಾರಿಗೆ ಓಟು ಅಂತ ತೀರ್ಮಾನ ಮಾಡುತ್ತಿದ್ದರು. ಹೀಗಾಗಿ ಸುತ್ತಮುತ್ತಲ ಹಳ್ಳಿಗಳು ರಿಪಬ್ಲಿಕನ್ ಕಡೆ ವಾಲಿದರೂ ಅಟಮ್ವಾ ಡೆಮಾಕ್ರಟಿಕ್ ಪಕ್ಷದ ಗಟ್ಟಿ ಊರಾಯಿತು. 1976ರಿಂದ 2012ರವರೆಗೆ ಹತ್ತು ಅಧ್ಯಕ್ಷೀಯ ಚುನಾವಣೆಗಳು ನಡೆದವು. ಹತ್ತರಲ್ಲೂ ವಾಪೆಲೊ ಕೌಂಟಿ ಡೆಮಾಕ್ರಟಿಕ್ ಪಕ್ಷಕ್ಕೇ ಬಿತ್ತು. ರೇಗನ್ ದೇಶವನ್ನೇ ಗುಡಿಸಿ ಹಾಕಿದ 1984ರಲ್ಲೂ ಹಾಗೆಯೇ.

ಆದರೆ ಓಟು ಹಾಗೇ ನಿಂತಿದ್ದ ಈ ಕಾಲದಲ್ಲಿ ಓಟಿನ ಬುಡ ಕರಗುತ್ತಾ ಬಂದಿತ್ತು. 1973ರಲ್ಲಿ ಮಾರೆಲ್ ಕಾರ್ಖಾನೆ ಮುಚ್ಚಿತು. ಆಮೇಲೆ ಬಂದ ಹಾರ್ಮೆಲ್ ಕಂಪನಿಯೂ 1987ರಲ್ಲಿ ಹೊರಟಿತು. ಅದಕ್ಕೆ ಮುಂಚೆ, 1986ರಲ್ಲಿ, ಮಿನೆಸೋಟಾದ ಆಸ್ಟಿನ್ ಊರಿನಲ್ಲಿ ಮುಷ್ಕರ ಹೂಡಿದ್ದ ಅದೇ ಕಂಪನಿಯ ಕೆಲಸಗಾರರಿಗೆ ಬೆಂಬಲವಾಗಿ ಒಳಗೆ ಹೋಗದೆ ನಿಂತರು ಅಂತ ಅಟಮ್ವಾದ ನೂರಾರು ಜನರನ್ನು ಕೆಲಸದಿಂದ ತೆಗೆದಿದ್ದರು. ಕಾರ್ಖಾನೆಯನ್ನು ಎಕ್ಸೆಲ್ ಎಂಬ ಕಂಪನಿ, ಅಂದರೆ ಕಾರ್ಗಿಲ್ ಬಳಗದ್ದು, ವಹಿಸಿಕೊಂಡು ಬಹಳ ಕಡಿಮೆ ಕೂಲಿಗೆ ಮತ್ತೆ ತೆರೆಯಿತು. 2015ರಲ್ಲಿ ಕಾರ್ಗಿಲ್ ತನ್ನ ಹಂದಿ ವ್ಯಾಪಾರವನ್ನೆಲ್ಲ ಬ್ರೆಜಿಲ್ ಮೂಲದ ಜೆಬಿಎಸ್ ಕಂಪನಿಗೆ ಮಾರಿತು. ಕಾರ್ಖಾನೆ ಅಲ್ಲೇ ಇದೆ, ಹಂದಿ ಅಲ್ಲಿಂದಲೇ ಬರುತ್ತದೆ. ಯಜಮಾನ ಮಾತ್ರ ಯಾವ ಊರಿನವನೋ!

ಸಾಲದ ದಶಕ

ಪಟ್ಟಣದಲ್ಲಿ ಹೀಗಾಗುವಾಗ ಹೊಲದಲ್ಲಿ ಏನಾಯಿತು? 1972ರಲ್ಲಿ ರಷ್ಯಾ ಅಮೆರಿಕದಿಂದ ರಾಶಿ ರಾಶಿ ಧಾನ್ಯ ಕೊಂಡಿತು. ಬೆಲೆ ಹಾರಿತು. ಕೃಷಿ ಮಂತ್ರಿ ಅರ್ಲ್ ಬಟ್ಜ್ ಬೇಲಿಯಿಂದ ಬೇಲಿಗೆ ಉಳಿ, ದೊಡ್ಡವರಾಗಿ, ಆಗದಿದ್ದರೆ ಕಸುಬು ಬಿಡಿ ಅನ್ನೋ ಧಾಟಿಯಲ್ಲಿ ಬುದ್ಧಿ ಹೇಳಿದರು. ಬ್ಯಾಂಕಿನವರು ಮನೆ ಬಾಗಿಲಿಗೆ ಬಂದು ಸಾಲ ಕೊಟ್ಟರು. ಭೂಮಿಯ ಬೆಲೆ ಏರಿತು, ಏರಿದ ಭೂಮಿಯನ್ನೇ ಒತ್ತೆ ಇಟ್ಟು ಇನ್ನಷ್ಟು ಸಾಲ ಕೊಟ್ಟರು.

ಆಮೇಲೆ ಉರುಳು ಬಿಗಿಯಿತು. 1979ರ ಅಕ್ಟೋಬರ್‌ನಲ್ಲಿ ಅವರ ರಿಸರ್ವ್ ಬ್ಯಾಂಕಿನ ಪಾಲ್ ವೋಕರ್ ಹಣದುಬ್ಬರ ಇಳಿಸುತ್ತೇನೆಂದು ಹಣದ ಹರಿವು ಬಿಗಿಹಿಡಿದರು. 1980ರ ಡಿಸೆಂಬರ್‌ಗೆ ಬ್ಯಾಂಕುಗಳ ಮೂಲ ಬಡ್ಡಿ ಶೇ. 21.5 ಮುಟ್ಟಿತು. 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್ ಅಫ್ಘಾನಿಸ್ತಾನದ ಜಗಳಕ್ಕೆ ರಷ್ಯಾಕ್ಕೆ ಧಾನ್ಯ ಮಾರುವುದನ್ನು ನಿಲ್ಲಿಸಿದರು. ಜಗಳ ದೊರೆಗಳದ್ದು, ದಂಡ ರೈತನದ್ದು. ಅಯೋವಾದಲ್ಲಿ 1981ರಲ್ಲಿ ಒಂದು ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಭೂಮಿ 1986ಕ್ಕೆ 787 ಡಾಲರ್‌ಗೆ ಕುಸಿಯಿತು. ಸಾಲ ಮಾತ್ರ 1981ರ ಲೆಕ್ಕದಲ್ಲೇ ಇತ್ತು. ಎರಡು ಸಾವಿರದ ಭೂಮಿ ನಂಬಿ ಸಾಲ ಕೊಟ್ಟ ಬ್ಯಾಂಕು ಎಂಟುನೂರಕ್ಕೆ ಅದನ್ನೇ ಹರಾಜಿಗಿಟ್ಟರೆ ರೈತ ಎಲ್ಲಿಗೆ ಹೋಗಬೇಕು?

1979ರಲ್ಲೇ ಸಾವಿರಾರು ರೈತರು ಟ್ರ್ಯಾಕ್ಟರ್ ಓಡಿಸಿಕೊಂಡು ರಾಜಧಾನಿ ವಾಷಿಂಗ್ಟನ್‌ಗೆ ನುಗ್ಗಿದ್ದರು. 2020-21ರಲ್ಲಿ ದೆಹಲಿ ಗಡಿಯಲ್ಲಿ ನಾವು ಕಂಡದ್ದನ್ನು ಅವರು ನಲವತ್ತು ವರ್ಷ ಮೊದಲೇ ಮಾಡಿದ್ದರು. 1980ರ ದಶಕದಲ್ಲಿ ಹರಾಜಾದ ಜಮೀನಿಗೊಂದರಂತೆ ಕೋರ್ಟಿನ ಮುಂದೆ ಬಿಳಿ ಶಿಲುಬೆ ನೆಟ್ಟರು. ಆತ್ಮಹತ್ಯೆಗಳಾದವು. 1985ರ ಡಿಸೆಂಬರ್‌ನಲ್ಲಿ ಅಯೋವಾದ ಹಿಲ್ಸ್ ಎಂಬ ಊರಿನ ಕಡೆ ಸಾಲದಲ್ಲಿ ಮುಳುಗಿದ ರೈತನೊಬ್ಬ ಹೆಂಡತಿಯನ್ನೂ, ಬ್ಯಾಂಕಿನ ಅಧ್ಯಕ್ಷನನ್ನೂ, ನೆರೆಯ ರೈತನನ್ನೂ ಕೊಂದು ತಾನೂ ಗುಂಡು ಹಾರಿಸಿಕೊಂಡ. ಇತ್ತ 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಅಭಿವೃದ್ಧಿ ಕರದ ವಿರುದ್ಧ ಎದ್ದ ನಮ್ಮ ರೈತರ ಮೇಲೆ ಗುಂಡು ಬಿದ್ದು ರೈತ ಸಂಘ ಹುಟ್ಟಿದ್ದೂ ಇದೇ ಕಾಲ. ಎರಡು ದೇಶ, ಎರಡು ಬಣ್ಣ, ಒಂದೇ ಕಾಯಿಲೆ.

ಆಗಿನ ಓಟು ಹೇಗಿತ್ತು? 1984ರಲ್ಲಿ ಅಯೋವಾ ಅಧ್ಯಕ್ಷ ಸ್ಥಾನಕ್ಕೆ ರೇಗನ್‌ಗೆ ಹಾಕಿತು, ಆದರೆ ಅದೇ ದಿನ ಸೆನೆಟ್ಟಿಗೆ ರೈತರ ಪರ ಮಾತಾಡುತ್ತಿದ್ದ ಡೆಮಾಕ್ರಟಿಕ್ ಪಕ್ಷದ ಟಾಮ್ ಹಾರ್ಕಿನ್ ಅವರನ್ನು ಕಳಿಸಿತು. 1988ರಲ್ಲಿ ದೇಶ ಬುಷ್ ಅವರನ್ನು ಆರಿಸಿದರೂ ಅಯೋವಾ ಸುಮಾರು 10 ಅಂಶಗಳ ಅಂತರದಲ್ಲಿ ಡುಕಾಕಿಸ್‌ಗೆ ಹಾಕಿತು. ರೈತನ ಸಿಟ್ಟು ಇನ್ನೂ ಬೆಲೆ ಮತ್ತು ಸಾಲದ ದಾರಿಯಲ್ಲೇ ಓಡುತ್ತಿತ್ತು.

ಓಟು ಮಗುಚಿದ್ದು

ಮುಂದೆ ಏನಾಯಿತು ಅನ್ನೋದೇ ಮುಖ್ಯ. ರೈತ ನಂಬಿದ ಪಕ್ಷ ರೈತನನ್ನು ಕೈಬಿಟ್ಟಿತು. 1994ರಲ್ಲಿ ಮೆಕ್ಸಿಕೋ ಜತೆಗಿನ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂತು. 1996ರಲ್ಲಿ ಬೆಂಬಲದ ಹಳೆಯ ವ್ಯವಸ್ಥೆಯನ್ನು ಕಿತ್ತುಹಾಕಿ ರೈತನಿಗೆ ಸ್ವಾತಂತ್ರ್ಯ ಕೊಟ್ಟೆವು ಅಂದರು. ಸಂಸತ್ತು ರಿಪಬ್ಲಿಕನ್ನರದ್ದು, ಸಹಿ ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಅವರದ್ದು. ಎತ್ತು ಒಬ್ಬನದು, ನೊಗ ಒಬ್ಬನದು, ಉಳಿಸಿಕೊಂಡದ್ದು ರೈತನ ಬೆನ್ನಿನ ಮೇಲೆ. 1998ರ ಡಿಸೆಂಬರ್‌ನಲ್ಲಿ ಹಂದಿಯ ಬೆಲೆ ನೆಲ ಕಚ್ಚಿತು. ಮಾರಿದ ಹಣ ಮೇವಿಗೂ ಸಾಲಲಿಲ್ಲ. 1980ರ ದಶಕದ ಮೊದಲಲ್ಲಿ ಅಯೋವಾದಲ್ಲಿ ಹತ್ತಾರು ಸಾವಿರ ರೈತರ ಕೊಟ್ಟಿಗೆಯಲ್ಲಿ ಹಂದಿ ಇದ್ದವು. 2022ರ ಕೃಷಿ ಗಣತಿಯ ಹೊತ್ತಿಗೆ ಹಂದಿ ಸಾಕುವವರು ಆರು ಸಾವಿರದೊಳಗೆ ಇಳಿದರು. ಹಂದಿಗಳೇನೂ ಕಮ್ಮಿಯಾಗಲಿಲ್ಲ, ಜಾಸ್ತಿಯಾದವು. 32 ಲಕ್ಷ ಜನರ ರಾಜ್ಯದಲ್ಲಿ ಎರಡು ಕೋಟಿಗೂ ಹೆಚ್ಚು ಹಂದಿ. ಹೆಚ್ಚಿನವು ಕಂಪನಿಯದ್ದು. ರೈತ ಸಾಲ ಮಾಡಿ ಶೆಡ್ಡು ಕಟ್ಟುತ್ತಾನೆ, ಗೊಬ್ಬರ ಬಾಚುತ್ತಾನೆ, ತಲೆಗಿಷ್ಟು ಅಂತ ಕೂಲಿ ಎಣಿಸಿಕೊಳ್ಳುತ್ತಾನೆ. ನಮ್ಮಲ್ಲಿ ಕಂಪನಿಗೆ ಕೋಳಿ ಸಾಕುವವರನ್ನು ಕೇಳಿ ನೋಡಿ, ವಿವರಿಸಿ ಹೇಳುತ್ತಾರೆ.

2010ರ ಮಾರ್ಚ್‌ನಲ್ಲಿ ಒಬಾಮಾ ಸರ್ಕಾರದ ಮಂತ್ರಿಗಳು ಅಯೋವಾದ ಆಂಕೆನಿಗೆ ಬಂದು, ದೊಡ್ಡ ಕಂಪನಿಗಳ ಏಕಸ್ವಾಮ್ಯದ ಬಗ್ಗೆ ರೈತರ ಅಹವಾಲು ಕೇಳಿದರು. ಮಾಂಸದ ಕಂಪನಿಗಳನ್ನು ಹಿಡಿಯುವ ನಿಯಮ ಬಂತು ಬಂತು ಅಂದರು. ಕಂಪನಿಗಳ ಒತ್ತಡದಲ್ಲಿ ಅದು ಹಲ್ಲು ಕಿತ್ತ ಹಾವಾಯಿತು. ನಂಬಿ ಬಂದು ಬಾಯಿಬಿಟ್ಟು ಮಾತಾಡಿದ ರೈತ ಪೆಚ್ಚಾಗಿ ಮನೆಗೆ ಹೋದ.

2014ರಲ್ಲಿ ಹಾರ್ಕಿನ್ ಅವರು ಬಿಟ್ಟ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಜೋನಿ ಅರ್ನ್‌ಸ್ಟ್ ನಿಂತರು. ಹೊಲದಲ್ಲಿ ಹಂದಿಗಳ ಬೀಜ ಒಡೆಯುತ್ತಾ ಬೆಳೆದವಳು ನಾನು ಅಂತ ಜಾಹೀರಾತು ಕೊಟ್ಟು ಗೆದ್ದರು. ಹಂದಿಯ ಬೆಲೆಯ ಮಾತು ಹೋಗಿ ಹಂದಿಯೇ ಜಾಹೀರಾತಾಯಿತು. 2016ರಲ್ಲಿ ಟ್ರಂಪ್ ಬಂದರು. 2012ರಲ್ಲಿ ಒಬಾಮಾಗೆ ಅರ್ಧಕ್ಕಿಂತ ಹೆಚ್ಚು ಓಟು ಕೊಟ್ಟಿದ್ದ ವಾಪೆಲೊ ಕೌಂಟಿ 2016ರಲ್ಲಿ ಸುಮಾರು 20 ಅಂಶಗಳ ಅಂತರದಲ್ಲಿ ಟ್ರಂಪ್ ಅವರಿಗೆ ಬಿತ್ತು. ಒಬಾಮಾಗೆ ಎರಡು ಸಲ ಓಟು ಕೊಟ್ಟು ಆಮೇಲೆ ಟ್ರಂಪ್‌ಗೆ ತಿರುಗಿದ ಕೌಂಟಿಗಳು ಅಯೋವಾ ಒಂದರಲ್ಲೇ 31. ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. 2020, 2024ರಲ್ಲೂ ವಾಪೆಲೊ ಹಿಂದಕ್ಕೆ ಬರಲಿಲ್ಲ.

ಪೇಟೆ ಪಂಡಿತರು ಇದಕ್ಕೆ ಹಳ್ಳಿ ಜನರ ಮೌಢ್ಯ, ಬಣ್ಣದ ದ್ವೇಷ, ಬಂದೂಕು, ಗರ್ಭಪಾತದ ವಾದ ಅಂತ ಕಾರಣ ಹೇಳುತ್ತಾರೆ. ಅವೆಲ್ಲ ಇಲ್ಲವೇ ಇಲ್ಲ ಅಂತ ನಾವು ಹೇಳುವುದಿಲ್ಲ. ಇವೆ. ಆದರೆ ಇದೇ ಜನ ಎರಡು ಸಲ ಒಬ್ಬ ಕರಿಯರ ಅಧ್ಯಕ್ಷನಿಗೆ ಓಟು ಹಾಕಿದ್ದರಲ್ಲ? ಆಗ ಆ ದ್ವೇಷ ಎಲ್ಲಿ ಮಲಗಿತ್ತು?

ನಮಗೆ ಕಾಣುವುದು ಇಷ್ಟು. ಕೂಲಿ ಇಳಿದ ಕಾರ್ಖಾನೆಗೆ 1990ರ ದಶಕದಿಂದ ಮೆಕ್ಸಿಕೋ, ಗ್ವಾಟೆಮಾಲಾ ಕಡೆಯವರು, ಆಮೇಲೆ ಆಫ್ರಿಕಾದವರು, ಪೆಸಿಫಿಕ್ ದ್ವೀಪದವರು ಕೆಲಸಕ್ಕೆ ಬಂದರು. ಅವರು ಬಂದದ್ದರಿಂದ ಕೂಲಿ ಇಳಿದದ್ದಲ್ಲ. ಮೊದಲು ಸಂಘ ಮುರಿದು ಕೂಲಿ ಇಳಿಸಿದರು, ಆ ಕೂಲಿಗೆ ದುಡಿಯಲು ಬಂದವರು ಇವರು. ಆದರೆ ಕಣ್ಣಿಗೆ ಕಾಣುವುದು ಪಕ್ಕದ ಬೀದಿಯ ಹೊಸ ಮುಖ. ಕಂಪನಿಯ ಯಜಮಾನ ಕಾಣುವುದಿಲ್ಲ. ಯಾರಾದರೂ ಬಂದು ನಿನ್ನ ಕಷ್ಟಕ್ಕೆ ಇವನೇ ಕಾರಣ ಅಂತ ಬೆರಳು ತೋರಿಸಿದರೆ, ಅಲ್ಲ ಕಣಪ್ಪ ಕಾರಣ ಬೇರೆ ಇದೆ ಅಂತ ಹೇಳಲು ಸಂಘದ ಮನೆಯೇ ಇರಲಿಲ್ಲ. ಸಂಘ ಹೋದ ಜಾಗದಲ್ಲಿ ಸಿಟ್ಟು ಉಳಿಯಿತು. ದಾರಿ ತೋರಿಸುವವರಿಲ್ಲದ ಸಿಟ್ಟನ್ನು ಮೊದಲು ಬಂದವನು ಮೂಗುದಾರ ಹಾಕಿ ಹೊಡೆದುಕೊಂಡು ಹೋದ.

ಇನ್ನೊಂದು ಮಾತನ್ನೂ ಹೇಳಬೇಕು. ಹಂದಿ ಸಾಕಿದ ರೈತನಿಗೂ ಹಂದಿ ಕಡಿದ ಕೂಲಿಗೂ ಮೋಸ ಮಾಡಿದ್ದು ಒಂದೇ ಕಂಪನಿ. ಆದರೆ ರೈತ ತನ್ನ ಬೆಲೆ ಬೀಳಲು ಕೂಲಿಯವರ ಸಂಘ ಕಾರಣ ಅಂದುಕೊಂಡ. ಕೂಲಿಯವನು ರೈತನನ್ನು ಸಾಹುಕಾರ ಅಂದುಕೊಂಡ. ಇಬ್ಬರೂ ಒಟ್ಟಿಗೆ ಕೂತು ಒಂದು ಸಂಜೆ ಲೆಕ್ಕ ಹಾಕಿದ್ದರೆ ಸಾಕಿತ್ತು.

ನಷ್ಟಕ್ಕೆ ಚೆಕ್ಕು

2018ರಲ್ಲಿ ಟ್ರಂಪ್ ಚೀನಾದ ಮೇಲೆ ಸುಂಕ ಹೇರಿದರು. ಚೀನಾ ಜುಲೈನಲ್ಲಿ ಅಮೆರಿಕದ ಸೋಯಾ ಮೇಲೆ ಶೇ. 25 ಸುಂಕ ಹಾಕಿತು. ಬೆಲೆ ಬಿತ್ತು. ರೈತ ಮುನಿಯುತ್ತಾನೆ ಅಂತ ಗೊತ್ತಾಗಿ ಸರ್ಕಾರ 2018ಕ್ಕೆ 1,200 ಕೋಟಿ ಡಾಲರ್‌ವರೆಗೆ, 2019ಕ್ಕೆ 1,600 ಕೋಟಿ ಡಾಲರ್‌ವರೆಗೆ ಪರಿಹಾರ ಘೋಷಿಸಿತು. ಹೆಚ್ಚು ಎಕರೆ ಇದ್ದವನಿಗೆ ಹೆಚ್ಚು ಚೆಕ್ಕು. ಅಯೋವಾ 2020ರಲ್ಲಿ ಮತ್ತೆ ಟ್ರಂಪ್‌ಗೇ ಓಟು ಹಾಕಿತು. 2025ರಲ್ಲೂ ಅದೇ ಆಟ: ಸುಂಕದ ಜಗಳದಲ್ಲಿ ಚೀನಾ ತಿಂಗಳುಗಟ್ಟಲೆ ಸೋಯಾ ಕೊಳ್ಳುವುದನ್ನೇ ನಿಲ್ಲಿಸಿತು, ಡಿಸೆಂಬರ್‌ನಲ್ಲಿ 1,200 ಕೋಟಿ ಡಾಲರ್‌ನ ಪರಿಹಾರ ಘೋಷಣೆಯಾಯಿತು. ಮಾರಲಾಗದ ಸೋಯಾ, ಮೆಕ್ಕೆಜೋಳಕ್ಕೆ ಹೊಸ ಗಿರಾಕಿ ಹುಡುಕುವಾಗ ಅವರ ಕಣ್ಣು ಭಾರತದ ಮೇಲೂ ಬಿತ್ತು. ಆ ವರ್ಷದ ವ್ಯಾಪಾರ ಮಾತುಕತೆಯಲ್ಲಿ ನಮ್ಮ ಬಾಗಿಲು ತೆರೆಯಿರಿ ಅಂತ ಒತ್ತಾಯಿಸಿದರು. ಅಟಮ್ವಾದ ಓಟು ದಾವಣಗೆರೆ, ಹಾವೇರಿಯ ಮೆಕ್ಕೆಜೋಳದ ಕಣಕ್ಕೆ ಬಂದು ಮುಟ್ಟುವುದು ಹೀಗೆ.

ನ್ಯಾಯವಾದ ಬೆಲೆ ಕೇಳಿದವನಿಗೆ ಚೆಕ್ಕು ಕೊಟ್ಟು ಕೂರಿಸುವುದು ಅಲ್ಲಿಯ ವಿದ್ಯೆ ಮಾತ್ರವಲ್ಲ. 2019ರಿಂದ ನಮಗೂ ವರ್ಷಕ್ಕೆ 6,000 ರೂಪಾಯಿ ಬರುತ್ತದೆ. ಬೇಡ ಅನ್ನುವುದಿಲ್ಲ. ಆದರೆ ಒಂದು ಕ್ವಿಂಟಾಲಿಗೆ ಮುನ್ನೂರು ರೂಪಾಯಿ ಕಮ್ಮಿ ಸಿಕ್ಕರೆ, ಇಪ್ಪತ್ತು ಕ್ವಿಂಟಾಲು ಮಾರಿದವನು ಆ 6,000 ರೂಪಾಯಿಯನ್ನು ಮಂಡಿಯಲ್ಲೇ ಬಿಟ್ಟು ಬಂದ ಹಾಗೆ. ಈ ಲೆಕ್ಕವನ್ನು ನೀವೇ ನಿಮ್ಮ ಮನೆಯಲ್ಲಿ ಹಾಕಿ ನೋಡಿ.

ನಾವು ಮಾಡಬೇಕಾದ್ದು

ಬಂಧುಗಳೇ, ನಮ್ಮ ಹಣೆಬರಹ ಬೇರೆಯಾ? ಊರ ಬಾಗಿಲಲ್ಲಿ ಬೋರ್ಡು ನೆಟ್ಟು ಅಧಿಕಾರಿಗಳನ್ನು ಹೊರಗೆ ನಿಲ್ಲಿಸಿದ ರೈತ ಸಂಘಕ್ಕೆ ವಿಧಾನಸಭೆಯಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ಸ್ಥಾನ. ಬೆಳಿಗ್ಗೆ ಹಸಿರು ಶಾಲು ಹೊದ್ದು ರಸ್ತೆ ತಡೆ. ಚುನಾವಣೆಯ ದಿನ ಶಾಲು ಗೂಟಕ್ಕೆ, ಕೈ ಜಾತಿಯ ಗುಂಡಿಗೆ ಅಥವಾ ಹಿಂದಿನ ರಾತ್ರಿ ಕವರು ಕೊಟ್ಟವನ ಗುಂಡಿಗೆ. ಅಟಮ್ವಾದವರನ್ನು ನೋಡಿ ನಗುವ ಯೋಗ್ಯತೆ ನಮಗಿಲ್ಲ.

ಒಂದು ಓಟಿನಿಂದ ಏನಾಗುತ್ತೆ ಅನ್ನುವವರಿಗೆ ಒಂದು ಮಾತು. 2020ರಲ್ಲಿ ಅಟಮ್ವಾ ಇದ್ದ ಕ್ಷೇತ್ರದಿಂದ ಅಮೆರಿಕದ ಸಂಸತ್ತಿಗೆ ಚುನಾವಣೆ ನಡೆಯಿತು. ಅಟಮ್ವಾದ ಕಣ್ಣಿನ ಡಾಕ್ಟರ್, ರಿಪಬ್ಲಿಕನ್ ಪಕ್ಷದ ಮಿಲ್ಲರ್-ಮೀಕ್ಸ್ ಅವರಿಗೆ 1,96,964. ಡೆಮಾಕ್ರಟಿಕ್ ಪಕ್ಷದ ರೀಟಾ ಹಾರ್ಟ್ ಅವರಿಗೆ 1,96,958. ಅಂತರ ಆರು. ಸುಮಾರು ನಾಲ್ಕು ಲಕ್ಷದಲ್ಲಿ ಆರು! ನಿಮ್ಮ ಮನೆ ಪಡಸಾಲೆಯಲ್ಲಿ ಊಟಕ್ಕೆ ಕೂರುವಷ್ಟು ಜನ.

ಹಾಗಾಗಿ ಮುಂದೆ ಯಾವ ಚುನಾವಣೆ ಬಂದರೂ, ಪಂಚಾಯ್ತಿಯದಾಗಲಿ ಪಾರ್ಲಿಮೆಂಟಿನದಾಗಲಿ, ಪ್ರತಿ ಗ್ರಾಮ ಘಟಕ ಮೂರು ಕೆಲಸ ಮಾಡಲಿ.

ಒಂದು. ಓಟು ಕೇಳಲು ಬಂದವರಿಂದ ಎರಡು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ವೆಚ್ಚದ ಮೇಲೆ ಅರ್ಧ ಸೇರಿಸಿದ ಬೆಲೆಗೆ ಕಾನೂನಿನ ಬಲ ಕೊಡಿಸುತ್ತೀರಾ? ಹೊರಗಿನ ಅಗ್ಗದ ಧಾನ್ಯ, ಎಣ್ಣೆ ಬಂದು ಸುರಿಯದ ಹಾಗೆ ನಿಮ್ಮ ಪಕ್ಷದೊಳಗೆ ಜಗಳ ಮಾಡುತ್ತೀರಾ? ಆ ಕಾಗದವನ್ನು ಊರ ಚಾವಡಿಯಲ್ಲಿ ಅಂಟಿಸಿ. ಗೆದ್ದ ಮೇಲೆ ಅದೇ ಕಾಗದ ಹಿಡಿದು ಅವರ ಮನೆ ಮುಂದೆ ಕೂರಬಹುದು.

ಎರಡು. ಚುನಾವಣೆ ಮುಗಿದ ಮೇಲೂ ಸಂಘದ ಸಭೆ ನಿಲ್ಲಿಸಬೇಡಿ. ತಿಂಗಳಿಗೊಮ್ಮೆ, ಹತ್ತೇ ಜನ ಬಂದರೂ, ದೀಪ ಹಚ್ಚಿ ಕೂರಿ. ಸಂಘದ ಮನೆ ಬೀಗ ಬಿದ್ದ ಊರಿನಲ್ಲಿ ಏನಾಗುತ್ತದೆ ಅಂತ ಅಟಮ್ವಾ ತೋರಿಸಿದೆ.

ಮೂರನೆಯದು ಕೆಲವರಿಗೆ ಕಹಿಯಾಗಬಹುದು. ನಾವು ಹಿಡುವಳಿ ಇರುವವರು. ನಮ್ಮ ಹೊಲದಲ್ಲಿ ಕಳೆ ಕೀಳುವವರು, ಕಬ್ಬು ಕಡಿಯುವವರು ನಮ್ಮ ಸಭೆಯಲ್ಲಿ ಎಲ್ಲಿ ಕೂರುತ್ತಾರೆ? ಕೂಲಿ ಜಾಸ್ತಿ ಕೇಳಿದ ಅಂತ ಅವರ ಮೇಲೆ ಹರಿಹಾಯುವ ನಾವು, ಗೊಬ್ಬರ ಕಂಪನಿ ಬೆಲೆ ಏರಿಸಿದಾಗ ಅಷ್ಟೇ ಜೋರಾಗಿ ಹರಿಹಾಯುತ್ತೇವೆಯೇ? ನಮ್ಮ ಬೆಲೆಯ ಲೆಕ್ಕದಲ್ಲಿ ಅವರ ನ್ಯಾಯವಾದ ಕೂಲಿಯನ್ನೂ ಬರೆದು, ಇದನ್ನೂ ಸೇರಿಸಿ ಬೆಲೆ ಕೊಡಿ ಅಂತ ಸರ್ಕಾರವನ್ನು ಕೇಳೋಣ. ಅವರನ್ನು ಬಿಟ್ಟು ನಾವೊಬ್ಬರೇ ಗೆಲ್ಲುತ್ತೇವೆ ಅಂದುಕೊಂಡರೆ, ನಾಳೆ ಯಾರೋ ಬಂದು ಅವರಿಗೆ ನಮ್ಮನ್ನು ತೋರಿಸಿ ಇವನೇ ನಿನ್ನ ಶತ್ರು ಅನ್ನುತ್ತಾನೆ. ನಮಗೆ ಅವರನ್ನು ತೋರಿಸಿ ಅದನ್ನೇ ಅನ್ನುತ್ತಾನೆ. ಇಬ್ಬರ ಓಟನ್ನೂ ಕಟ್ಟಿಕೊಂಡು ಹೋಗುತ್ತಾನೆ.

ಮೈಲೋ ರೀನೋ ಅವರ ಬೇಡಿಕೆಗೆ 90 ವರ್ಷ ದಾಟಿತು, ಅವರ ಸೀಮೆಯಲ್ಲೇ ಅದು ಈಡೇರಲಿಲ್ಲ. ಬೇಡಿಕೆ ತಪ್ಪಾಗಿರಲಿಲ್ಲ. ರಸ್ತೆಯಲ್ಲಿ ಒಟ್ಟಿಗೆ ನಿಂತ ಜನ ಆಮೇಲೆ ಒಟ್ಟಿಗೆ ಉಳಿಯಲಿಲ್ಲ, ಅಷ್ಟೇ. ಹಸಿರು ಶಾಲು ಬೂತಿನ ಬಾಗಿಲಲ್ಲಿ ಕಳಚಿಡುವ ಬಟ್ಟೆಯಲ್ಲ. ಹೊದ್ದುಕೊಂಡೇ ಒಳಗೆ ಹೋಗಿ.